ನಿಲ್ಲುವವರ ಬೂಟು

ಚಳಿಗಾಲದ ಬೂಟಿನ ಬಗ್ಗೆ ನನಗಿಂತ ಹೆಚ್ಚು ತಿಳಿದ ಹೆಂಗಸು ನಮ್ಮ ಕಾಲೊನಿಯಲ್ಲಿ ಇಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ನಾನು ಹುಟ್ಟಿದ್ದು ಮಂಗಳೂರಿನ ಹತ್ತಿರ, ಕಡಲ ಬದಿಯಲ್ಲಿ. ಮದುವೆಯ ದಿನವೊಂದನ್ನು ಬಿಟ್ಟರೆ ರಬ್ಬರ್ ಚಪ್ಪಲಿಯಲ್ಲೇ ಇಪ್ಪತ್ತೆರಡು ವರ್ಷ ಕಳೆದವಳು. ಬೂಟು ಎಂದರೆ ಪೊಲೀಸರು ಹಾಕುವ ವಸ್ತು ಎಂದುಕೊಂಡಿದ್ದೆ. ಕಲಿತದ್ದೆಲ್ಲ ಇಲ್ಲಿ, ಸೌದಿಯ ಉತ್ತರದ ತುದಿಯ ತುರೈಫಿನಲ್ಲಿ, ಒಂದೇ ಒಂದು ಚಳಿಗಾಲದಲ್ಲಿ. ಕಲಿತು ಮುಗಿಯುವಾಗ ತಡವಾಗಿತ್ತು.

ಸೌದಿಯಲ್ಲಿ ಎಂಥ ಚಳಿ ಎಂದು ಊರಿನವರು ಫೋನಿನಲ್ಲಿ ನಗುತ್ತಾರೆ. ಮಕ್ಕಾದಲ್ಲಿ ಹೋಟೆಲ್ ಕೆಲಸದಲ್ಲಿರುವ ನನ್ನ ತಮ್ಮನೂ ನಗುತ್ತಾನೆ. ಅವನಿಗೆ ಡಿಸೆಂಬರಿನಲ್ಲೂ ಏಸಿ ಬೇಕು. ಈ ನಗುವವರನ್ನೆಲ್ಲ ಒಮ್ಮೆ ಜನವರಿಯ ಬೆಳಿಗ್ಗೆ ನಮ್ಮ ಆಟದ ಮೈದಾನದಲ್ಲಿ ಎರಡು ತಾಸು ಸುಮ್ಮನೆ ನಿಲ್ಲಿಸಬೇಕು. ಕಾರಿನ ಗಾಜಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು ಕಟ್ಟಿರುತ್ತದೆ, ತೋಟದ ಪೈಪಿನಲ್ಲಿ ನೀರು ಕಲ್ಲಾಗಿರುತ್ತದೆ, ಗಾಳಿ ಬೀಸಲು ಶುರುಮಾಡಿದರೆ ಅಡ್ಡ ಬರಲು ಒಂದು ಮರವೂ ಇಲ್ಲ. ನಡೆಯುವವರಿಗೆ ಅದು ಅಷ್ಟು ತಿಳಿಯುವುದಿಲ್ಲ. ಓಡುವ ಮಕ್ಕಳಿಗಂತೂ ತಿಳಿಯುವುದೇ ಇಲ್ಲ. ಮಕ್ಕಳ ಮೇಲೆ ಕಣ್ಣಿಟ್ಟು ಒಂದೇ ಕಡೆ ನಿಂತವರ ಕಾಲಿಗೆ ನೆಲದ ಚಳಿ ಏರುತ್ತದೆ, ಏರಿದ್ದು ಮಧ್ಯಾಹ್ನದವರೆಗೂ ಇಳಿಯುವುದಿಲ್ಲ.

ನಾನು ನಿಲ್ಲಲೇಬೇಕಾಗಿತ್ತು. ಆಗ ನನ್ನ ಮಗಳಿಗೆ ಒಂಬತ್ತು ವರ್ಷ, ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿ ಕೇಳುತ್ತದೆ, ಗಂಟಲಲ್ಲಿ ದೋಷವಿಲ್ಲ, ನಾವು ಹೇಳಿದ್ದೂ ಬಹುಪಾಲು ಅರ್ಥವಾಗುತ್ತದೆ. ಆದರೆ ಮುಖ ಕೊಟ್ಟು ನೋಡುವುದಿಲ್ಲ, ಕರೆಯುವುದಿಲ್ಲ. ಹಸಿವಾದರೆ ನನ್ನ ಕೈ ಹಿಡಿದು ಫ್ರಿಜ್ಜಿನ ಹಿಡಿಕೆಯ ಮೇಲೆ ಇಡುತ್ತಾಳೆ, ನಾನೂ ಒಂದು ಚಮಚವೋ ಎನ್ನುವ ಹಾಗೆ. ಮೊದಲು ನಾವು ಜುಬೈಲಿನಲ್ಲಿದ್ದೆವು. ಇವರಿಗೆ, ಎಂದರೆ ನನ್ನ ಗಂಡನಿಗೆ, ಅಲ್ಲಿನ ಒಂದು ಪ್ಲಾಂಟಿನಲ್ಲಿ ಮೇಂಟೆನೆನ್ಸ್ ಕೆಲಸ. ಅಲ್ಲಿ ಮಾತು ಕಲಿಸುವ ಒಬ್ಬರು ಟೀಚರ್ ಸಿಕ್ಕಿದ್ದರು. ಮಗಳು ಉಯ್ಯಾಲೆಯ ಮೇಲೆ ಕೂತಾಗ ಮಾತ್ರ ಎದುರಿಗಿರುವವರ ಕಣ್ಣು ನೋಡುತ್ತಾಳೆ ಎಂದು ಕಂಡುಹಿಡಿದವರು ಅವರೇ.

"ತೂಗಿ, ನಿಲ್ಲಿಸಿ, ಕಾಯಿರಿ. ಅವಳು ಕೇಳುವ ತನಕ ತಳ್ಳಬೇಡಿ" ಎಂದು ಅವರು ಹೇಳಿಕೊಟ್ಟರು. "ದಿನಾ ಅದೇ ಹೊತ್ತು, ಅದೇ ಉಯ್ಯಾಲೆ, ನೀವೇ. ಒಂದು ದಿನವೂ ತಪ್ಪಿಸಬೇಡಿ. ಬಿಟ್ಟರೆ ಇವಳು ಹಿಂದೆ ಹೋಗ್ತಾಳೆ. ಮತ್ತೆ ತರುವುದು ಬಹಳ ಕಷ್ಟ."

ಒಂದು ವರ್ಷ ತೂಗಿದೆ, ನಿಲ್ಲಿಸಿದೆ, ಕಾದೆ. ಏನೂ ಬರಲಿಲ್ಲ. ಅಷ್ಟರಲ್ಲಿ ಕಂಪನಿಯವರು ಇವರನ್ನು ಉತ್ತರದ ಹೊಸ ಪ್ಲಾಂಟಿಗೆ ಹಾಕಿದರು. ಟೀಚರ್ ಜುಬೈಲಿನಲ್ಲೇ ಉಳಿದು ಫೋನಿನ ಪರದೆಯೊಳಗೆ ಸೇರಿಕೊಂಡರು. ತುರೈಫಿನ ಕಾಲೊನಿಯಲ್ಲಿ ಒಂದು ಜಾರುಬಂಡಿ, ಎರಡು ಉಯ್ಯಾಲೆ, ಸುತ್ತಲೂ ತಂತಿ ಬೇಲಿ, ಬೇಲಿಯಾಚೆ ಬರೀ ಬಯಲು. ಮಗಳು ಎಡಗಡೆಯ ಉಯ್ಯಾಲೆಯನ್ನು ತನ್ನದು ಮಾಡಿಕೊಂಡಳು. ಬಂದ ಮೂರನೇ ತಿಂಗಳು, ನವೆಂಬರಿನ ಒಂದು ಬೆಳಿಗ್ಗೆ, ನಾನು ಸರಪಳಿ ಹಿಡಿದು ನಿಲ್ಲಿಸಿದ್ದೆ. ಅವಳು ನನ್ನ ಕಣ್ಣನ್ನೇ ನೋಡಿ "ಪೋ" ಎಂದಳು.

ನಮ್ಮ ಬ್ಯಾರಿ ಭಾಷೆಯಲ್ಲಿ ಪೋ ಎಂದರೆ ಹೋಗು. ತಳ್ಳುವಾಗಲೆಲ್ಲ ನಾನು ಹೇಳುತ್ತಿದ್ದ ಮಾತು. ನಾನು ತಳ್ಳುವುದನ್ನೇ ಮರೆತು ಸರಪಳಿ ಹಿಡಿದುಕೊಂಡೇ ಇದ್ದೆ. ಅವಳು ಸಿಟ್ಟಿನಿಂದ ಮತ್ತೊಮ್ಮೆ "ಪೋ!" ಎಂದಳು. ಆಮೇಲೆ ಎಷ್ಟು ಹೊತ್ತು ತಳ್ಳಿದೆನೋ ಲೆಕ್ಕವಿಲ್ಲ. ಡಿಸೆಂಬರಿನ ಹೊತ್ತಿಗೆ ಬೆಳಗಿಗೆ ಹತ್ತು ಹನ್ನೆರಡು ಸಲ ಪೋ ಬರುತ್ತಿತ್ತು. ನಡುನಡುವೆ ತುಟಿ ಮುಚ್ಚಿ "ಮ್‌ಮ್" ಎಂದು ಎಳೆಯುತ್ತಿದ್ದಳು. ಫೋನಿನಲ್ಲಿ ಅದನ್ನು ನೋಡಿದ ಟೀಚರ್ ಕಣ್ಣೊರೆಸಿಕೊಂಡರು. "ಇನ್ನು ಉಮ್ಮ ಅಂತ ಕರೀತಾಳೆ ನೋಡಿ. ಈ ಚಳಿಗಾಲ ಮುಗಿಯುವುದರೊಳಗೆ ಕರೀತಾಳೆ. ನೀವು ಮಾತ್ರ ಬಿಡಬೇಡಿ." ತಾಯಿಯಾಗಿ ಒಂಬತ್ತು ವರ್ಷವಾದರೂ ಯಾರೂ ಉಮ್ಮ ಎಂದು ಕರೆಯದ ಹೆಂಗಸಿಗೆ ಹೀಗೆ ಹೇಳಿದರೆ ಅವಳು ಹಿಮದಲ್ಲಿ ಬರಿಗಾಲಲ್ಲೂ ನಿಲ್ಲುತ್ತಾಳೆ. ನಾನು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಮಗಳಿಗೆ ಒಳ್ಳೆಯ ಬೂಟು, ಕೈಗವಸು, ಟೊಪ್ಪಿ ಎಲ್ಲ ಮೊದಲೇ ತಂದಿದ್ದೆವು. ನನಗೆಂದು ಕೊಳ್ಳಲು ಪೇಟೆಗೆ ಹೋದದ್ದು ಡಿಸೆಂಬರ್ ಮೊದಲ ವಾರ. ಅಷ್ಟರವರೆಗೆ ಕಾಲುಚೀಲದ ಮೇಲೆ ಚಪ್ಪಲಿ ಹಾಕಿಕೊಂಡು ನಿಂತಿದ್ದೆ. ಅಬಾಯಾದ ಅಂಚು ಮಂಜಿಗೆ ಒದ್ದೆಯಾಗಿ ಕಾಲುಚೀಲಕ್ಕೆ ಅಂಟುತ್ತಿತ್ತು. ಪೇಟೆಯಲ್ಲಿ ಭಟ್ಕಳದ ಹಿರಿಯರೊಬ್ಬರ ಚಪ್ಪಲಿ ಅಂಗಡಿ ಇದೆ. ನಲವತ್ತು ವರ್ಷದಿಂದ ಈ ಗಡಿ ಊರಿನಲ್ಲಿದ್ದಾರೆ. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ, ಇಬ್ಬರಿಗೂ ನಡುವೆ ಸಿಕ್ಕಿದ್ದು ಕನ್ನಡ. ಕನ್ನಡ ಕೇಳಿ ಅವರಿಗೆ ಖುಷಿಯೋ ಖುಷಿ. ಸುಲೈಮಾನಿ ಚಹಾ ತರಿಸಿಯೇಬಿಟ್ಟರು.

"ಎಂತಕ್ಕೆ ಬೂಟು ತಂಗಿ? ನಡೆಯಲಿಕ್ಕಾ, ನಿಲ್ಲಲಿಕ್ಕಾ?"

"ನಿಲ್ಲಲಿಕ್ಕೆ ಚಾಚಾ. ಮಗಳು ಆಡುವಾಗ."

"ಹಾಗಾದ್ರೆ ಇದು" ಎಂದು ಬಕೆಟ್ಟಿನಷ್ಟು ದೊಡ್ಡ, ಕಂದು ಬಣ್ಣದ ಒಂದು ಜೋಡಿ ಇಳಿಸಿದರು. ಒಳಗೆ ಕಂಬಳಿಯಂಥ ದಪ್ಪ ಉಣ್ಣೆಯ ಪದರ, ಕೆಳಗೆ ಎರಡು ಬೆರಳು ದಪ್ಪದ ರಬ್ಬರು. "ಚೆಕ್‌ಪೋಸ್ಟಿನಲ್ಲಿ ನಿಲ್ಲುವ ಹುಡುಗರು ಇದನ್ನೇ ಕೊಂಡೋಗುವುದು. ನಿನ್ನ ಸೈಜಿಗಿಂತ ಒಂದು ದೊಡ್ಡದು ತಕ್ಕೊ. ಒಳಗೆ ಬೆರಳು ಆಡಬೇಕು, ಗಾಳಿ ಇರಬೇಕು. ಬಿಗಿ ಆದ್ರೆ ಚಳಿ ಜಾಸ್ತಿ, ಗೊತ್ತುಂಟಾ? ಹತ್ತಿಯ ಕಾಲುಚೀಲ ಹಾಕ್ಬೇಡ, ಬೆವರು ಕುಡಿದು ಅದೇ ತಣ್ಣಗಾಗ್ತದೆ. ಉಣ್ಣೆಯದ್ದು ಹಾಕು, ಒಂದೇ ಜೊತೆ."

ನನಗೆ ಆ ಬೂಟು ಕಂಡರಾಗಲಿಲ್ಲ. ಕಾಲಿಗಿಂತ ದೊಡ್ಡ ಬೂಟು ಹಾಕು ಎನ್ನುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಅಳತೆಯದು ಸ್ಟಾಕ್ ಇಲ್ಲ, ಕಪಾಟಿನಲ್ಲಿ ಉಳಿದದ್ದನ್ನು ಊರಿನವಳ ತಲೆಗೆ ಕಟ್ಟುತ್ತಿದ್ದಾರೆ ಎಂದು ನನ್ನ ಕೊಂಕು ಬುದ್ಧಿಗೆ ಹೊಳೆಯಿತು. ಚಹಾ ಕುಡಿದು, ಇವರಲ್ಲಿ ಕೇಳಿ ಬರುತ್ತೇನೆ ಎಂದು ಎದ್ದುಬಂದೆ. ಅವರು ಬಾಗಿಲವರೆಗೆ ಬಂದು, "ಕಬ್ಬಿಣದ ಮೂತಿಯ ಬೂಟು ಮಾತ್ರ ಹಾಕ್ಬೇಡ ತಂಗಿ. ನಮ್ಮವರು ಎಲ್ಲ ಅದನ್ನೇ ಹಾಕ್ತಾರೆ" ಎಂದರು. ಕಿವಿಗೆ ಬಿತ್ತು. ಒಳಗೆ ಇಳಿಯಲಿಲ್ಲ.

ನಮ್ಮವರು ಎಂದು ಅವರು ಸುಮ್ಮನೆ ಹೇಳಿರಲಿಲ್ಲ. ಕಂಪನಿ ಕೊಡುವ ಆ ಕಬ್ಬಿಣದ ಮೂತಿಯ ಸೇಫ್ಟಿ ಶೂಗೆ ನಮ್ಮ ಕಡೆ ಇರುವ ಮರ್ಯಾದೆ ಚಿನ್ನಕ್ಕೂ ಇಲ್ಲ. ಜುಬೈಲಿನಲ್ಲೋ ರಾಸ್ ತನೂರಾದಲ್ಲೋ ಒಬ್ಬ ದುಡಿಯುತ್ತಿದ್ದರೆ ಊರಿನಲ್ಲಿ ನಾಲ್ವರ ಕಾಲಲ್ಲಿ ಆ ಶೂ ಇರುತ್ತದೆ. ವರ್ಷಕ್ಕೆ ಸಿಗುವ ಹೊಸ ಜೋಡಿಯನ್ನು ಹಾಕದೆ, ಹಳೆಯದನ್ನೇ ಸವೆಸಿ, ಹೊಸದನ್ನು ಪೆಟ್ಟಿಗೆಗೆ ತುಂಬುತ್ತಾರೆ. ನನ್ನ ಮೈದುನ ಮಳೆಯಲ್ಲಿ ಬೈಕಿಗೆ ಅದನ್ನೇ ಹಾಕುತ್ತಾನೆ, ನನ್ನ ಮಾವ ಮೀನಿನ ದೋಣಿ ಬರುವ ದಕ್ಕೆಗೆ ಅದರಲ್ಲೇ ಹೋಗುತ್ತಿದ್ದರು. ನಮ್ಮ ಮನೆಯ ಮಂಚದಡಿಯಲ್ಲೂ ಒಂದು ಹೊಸ ಜೋಡಿ ಇತ್ತು. ಸ್ಟೋರಿನವರು ಒಂದು ನಂಬರ್ ಚಿಕ್ಕದು ಕೊಟ್ಟಿದ್ದರಿಂದ ಇವರಿಗೆ ಆಗದೆ ಉಳಿದದ್ದು, ನನ್ನ ಕಾಲಿಗೆ ಅಳತೆ ಕೊಟ್ಟ ಹಾಗಿತ್ತು.

"ಅಂಗಡಿಯದ್ದು ಎಂತಕ್ಕೆ? ಇದು ನೋಡು" ಎಂದು ಇವರು ಅದನ್ನು ಎಳೆದು, ಮೂತಿಗೆ ಬೆರಳಿನ ಗೆಣ್ಣಿನಿಂದ ಟಣ್ ಎಂದು ಬಡಿದು ತೋರಿಸಿದರು. "ಮೇಲಿಂದ ಪೈಪು ಬಿದ್ರೂ ಎಂತ ಆಗುವುದಿಲ್ಲ. ಅಡಿಯಲ್ಲೂ ಕಬ್ಬಿಣದ ತಗಡು ಉಂಟು, ಮೊಳೆ ಸಹ ಒಳಗೆ ಬರುವುದಿಲ್ಲ. ಇನ್ನು ಚಳಿ ಎಲ್ಲಿಂದ ಬರ್ತದೆ?"

ಎಷ್ಟು ಚಂದದ ತರ್ಕ! ಇವರನ್ನು ಬಯ್ಯಲು ನನಗೆ ಬಾಯಿಲ್ಲ, ಏಕೆಂದರೆ ನಾನೂ ತಲೆಯಾಡಿಸಿದೆ. ಪೈಪನ್ನೇ ತಡೆಯುವ ಬೂಟು ಗಾಳಿಯನ್ನು ತಡೆಯದೇ ಎಂದು ಇಬ್ಬರೂ ಹಿಗ್ಗಿದೆವು. ಚಳಿಯಲ್ಲಿ ಕಬ್ಬಿಣದ ಗೇಟನ್ನು ಮುಟ್ಟಿದರೆ ಕೈ ಹೇಗೆ ಕೊರೆಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ಗೇಟಿನ ಒಂದು ತುಂಡನ್ನು ಬೆರಳುಗಳ ಮೇಲೂ ಇನ್ನೊಂದನ್ನು ಅಂಗಾಲಿನ ಕೆಳಗೂ ಇಟ್ಟುಕೊಂಡು ನಿಲ್ಲುತ್ತೇನೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಇದರ ಜೊತೆಗೆ ನಾನೇ ಮಾಡಿಕೊಂಡ ಇನ್ನೊಂದು ಕೆಲಸ ಇದೆ. ನಮಾಜಿಗೆ ಮುಂಚೆ ವುಝೂ ಮಾಡುವಾಗ ಕಾಲನ್ನು ಪಾದದ ಗಂಟಿನವರೆಗೆ ತೊಳೆಯಬೇಕು, ಬೆರಳ ಸಂದಿಗೆ ಬೆರಳು ಹಾಕಿ ತೊಳೆಯಬೇಕು. ದಿನಕ್ಕೆ ಐದು ಸಲ. ಆ ನೀರಿಗೆ ಕಾಲು ಕೊಡುವುದೆಂದರೆ ನನಗೆ ಅಳು ಬರುತ್ತಿತ್ತು. ಆದರೆ ಚಳಿಯ ಊರಿನವರಿಗೆ ಒಂದು ರಿಯಾಯಿತಿ ಇದೆ. ಕಾಲು ತೊಳೆದು ಚರ್ಮದ ಕಾಲುಚೀಲ ಹಾಕಿಕೊಂಡರೆ, ಒಂದು ಹಗಲು ಒಂದು ರಾತ್ರಿ ಅದನ್ನು ಬಿಚ್ಚಬೇಕಾಗಿಲ್ಲ. ಒದ್ದೆ ಕೈಯನ್ನು ಅದರ ಮೇಲೆ ಸವರಿದರೆ ಸಾಕು. ಊರಿನಲ್ಲಿ ಹಾಗೆ ಮಾಡುವವರನ್ನು ನಾನು ಕಂಡಿರಲಿಲ್ಲ, ಅಲ್ಲಿ ಕಾಲು ತೊಳೆಯುವುದೇ ಒಂದು ಸುಖ. ಇಲ್ಲಿ ಪೇಟೆಯಲ್ಲಿ ಆ ಚೀಲಗಳನ್ನು ರಾಶಿ ಹಾಕಿ ಮಾರುತ್ತಾರೆ. ನಾನೂ ತಂದೆ. ಬೆಳಗಿನ ನಮಾಜಿಗೆ ಬಿಸಿನೀರಲ್ಲಿ ಕಾಲು ತೊಳೆದು ಚೀಲ ಏರಿಸಿದರೆ ಮರುದಿನ ಬೆಳಿಗ್ಗೆಯವರೆಗೆ ಕಾಲಿನ ಯೋಚನೆಯೇ ಇಲ್ಲ. ಅದರ ಮೇಲೆ ಹತ್ತಿಯ ಕಾಲುಚೀಲ, ಅದರ ಮೇಲೆ ಸೇಫ್ಟಿ ಶೂ. ಬೆರಳು ಅಲ್ಲಾಡಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಬಿಗಿಯಾದಷ್ಟು ಬೆಚ್ಚಗೆ ಎಂದು ನಾನು ನಂಬಿದ್ದೆ.

ಆ ರಿಯಾಯಿತಿಯ ತಪ್ಪು ಇದರಲ್ಲಿ ಏನೂ ಇಲ್ಲ. ಅದು ದಯೆ. ತಪ್ಪು ನನ್ನದು. ಮಗಳು ಹುಟ್ಟಿದಾಗ ಹತ್ತಿದ ಸಕ್ಕರೆ ಕಾಯಿಲೆ ನನಗಿದೆ. ಜುಬೈಲಿನ ಡಾಕ್ಟರು ನನ್ನ ಪಾದಕ್ಕೆ ಸೂಜಿಯಂಥದ್ದನ್ನು ಮುಟ್ಟಿಸಿ, "ಸ್ಪರ್ಶ ಕಮ್ಮಿ ಆಗಿದೆ, ದಿನಾ ಸಂಜೆ ಎರಡೂ ಕಾಲು ತಿರುಗಿಸಿ ನೋಡಿಕೊಳ್ಳಿ" ಎಂದಿದ್ದರು. ಐದು ಹೊತ್ತು ಕಾಲು ತೊಳೆಯುವವಳಿಗೆ ಬೇರೆ ನೋಡುವುದೇನು ಎಂದು ನಾನು ಮೂಗು ಮುರಿದಿದ್ದೆ. ಈಗ ಐದು ಹೊತ್ತು ಹೋಗಿ ಒಂದು ಹೊತ್ತಾಯಿತು. ಅದೂ ಮಸುಕು ಬೆಳಕಿನಲ್ಲಿ, ಬಚ್ಚಲಿನ ಹಬೆಯಲ್ಲಿ, ಮಗಳು ಎದ್ದುಬಿಟ್ಟಾಳೆಂಬ ಅವಸರದಲ್ಲಿ. ಕೈ ಸವರಿ ತೊಳೆಯುತ್ತಿದ್ದೆ. ಕಣ್ಣು ಹಾಯಿಸಿ ನೋಡಿದವಳಲ್ಲ.

ಮೊದಲ ಕೆಲವು ದಿನ ಬೆರಳುಗಳು ಕೊರೆದವು. ಆಮೇಲೆ ಕೊರೆಯುವುದು ನಿಂತಿತು. "ಬೂಟು ಹದಕ್ಕೆ ಬಂತು ಈಗ" ಎಂದು ಇವರಿಗೆ ಹೇಳಿದೆ. ಇವರೂ ಖುಷಿಪಟ್ಟರು. ಅಲ್ಲಿಂದ ಮೂರು ವಾರ ನನ್ನ ಬಾಳಿನ ಒಳ್ಳೆಯ ವಾರಗಳು, ಈಗ ಹಾಗೆ ಹೇಳಲು ನಾಚಿಕೆಯಾದರೂ ಹೇಳುತ್ತೇನೆ. ಮಗಳು ಕೆಂಪು ಮೂಗಿನಲ್ಲಿ ಬಾಯಿಂದ ಹೊಗೆ ಬಿಡುತ್ತಾ ತೂಗುತ್ತಿದ್ದಳು. ಪೋ, ಪೋ, ಮ್‌ಮ್, ಪೋ. ಒಂದು ದಿನ ಮ್‌ಮ್ ಆದ ಮೇಲೆ ಬಾಯಿ ತೆರೆದು ಉಸಿರು ಬಿಟ್ಟಳು. ಮ್‌ಮ ಎಂಬಷ್ಟು ಹತ್ತಿರ ಬಂದಿತ್ತು. ನಾನು ಅವಳನ್ನು ಎಳೆದುಕೊಂಡೇ ಮನೆಗೆ ಓಡಿ ಇವರಿಗೆ ಫೋನು ಮಾಡಿ, ಡ್ಯೂಟಿಯಲ್ಲಿರುವ ಮನುಷ್ಯನನ್ನು ಅಳಿಸಿದೆ.

ಜನವರಿಯ ಒಂದು ಶುಕ್ರವಾರ ಚರ್ಮದ ಚೀಲಗಳನ್ನು ಹೀಟರಿನ ಮುಂದೆ ಒಣಗಲು ಇಟ್ಟಿದ್ದೆ. ಜುಮಾ ಮುಗಿಸಿ ಬಂದ ಇವರು ಮೂಗು ಹಿಡಿದರು.

"ಎಂತದು ವಾಸನೆ? ಮೀನು ಹಾಳಾಗಿದೆಯಾ?"

ಮೀನು ತಂದೇ ಇರಲಿಲ್ಲ. ಎಡಗಾಲಿನ ಚೀಲವನ್ನು ಒಳಮಗ್ಗುಲು ತಿರುಗಿಸಿದರೆ ತುದಿಯಲ್ಲಿ ಕಂದು ಕಲೆ, ಅಂಟು. ನಾನು ಕುಳಿತು ಕಾಲನ್ನು ತೊಡೆಯ ಮೇಲೆಳೆದುಕೊಂಡು ನೋಡಿದೆ. ಕಿರುಬೆರಳು ನನ್ನದಲ್ಲ ಎನ್ನುವ ಹಾಗಿತ್ತು, ಕಪ್ಪಾಗಿ, ಪಕ್ಕದಲ್ಲಿ ಬಾಯಿ ಬಿಟ್ಟು. ಒತ್ತಿದೆ. ನೋವಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದೆ, ಆಗಲೂ ಇಲ್ಲ.

"ನಾಳೆ ಉಯ್ಯಾಲೆ?" ನಾನು ಮೊದಲು ಕೇಳಿದ್ದು ಇದನ್ನೇ. ಇವರು ನನ್ನನ್ನು ನೋಡಿ ತಲೆ ತಲೆ ಚಚ್ಚಿಕೊಂಡರು.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಆ ಬೆರಳುಗಳಿಗಾಗಿ ನಾನು ಒಂದು ಹನಿಯೂ ಅಳಲಿಲ್ಲ, ಅವುಗಳಿಂದ ನನಗೆ ಆಗಬೇಕಾದ ಕೆಲಸವೇನೂ ಇರಲಿಲ್ಲ. ಆರು ವಾರ ಕಾಲು ನೆಲಕ್ಕೆ ಊರಬಾರದು ಎಂದು ಡಾಕ್ಟರು ಹೇಳಿದಾಗ ಅತ್ತೆ. "ಊರಿದರೆ ಮುಂದಿನ ಸಲ ಪಾದ" ಎಂದು ಅವರು ಉರ್ದುವಿನಲ್ಲಿ ಸ್ಪಷ್ಟವಾಗಿ ಹೇಳಿದರು.

ಆರು ವಾರ ಮಗಳನ್ನು ಯಾರು ನಿಂತು ತೂಗಬೇಕು? ಇವರು ಕತ್ತಲಲ್ಲಿ ಕಂಪನಿ ಬಸ್ಸು ಹತ್ತಿ ಕತ್ತಲಲ್ಲಿ ಇಳಿಯುವವರು, ಇರುವುದು ಒಂದು ಶುಕ್ರವಾರ. ಆ ಒಂದು ದಿನ ಕರೆದುಕೊಂಡು ಹೋದರು. ಅವಳು ಉಯ್ಯಾಲೆಯಲ್ಲಿ ಕೂರದೆ ಗೇಟಿನ ಕಡೆ ನೋಡುತ್ತಾ ನಿಂತಳಂತೆ, ನಾನು ಬರುತ್ತೇನೆಂದು. ನೆರೆಯ ಒಬ್ಬರನ್ನು ಕೇಳಿದೆವು. ಅವರು ಕೆಟ್ಟವರಲ್ಲ. "ರಸ್ತೆಗೆ ಓಡಿದ್ರೆ ಎಂತ ಮಾಡುವುದು ಮಾರಾಯ್ತಿ, ನನಗೆ ಭಯ ಆಗ್ತದೆ" ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಒಮ್ಮೆ ನಾನೇ ಊರುಗೋಲು ಹಿಡಿದು ಹೊರಟೆ. ಮೆಟ್ಟಿಲಲ್ಲೇ ಬಿದ್ದೆ, ಹೊಲಿಗೆ ಬಿಟ್ಟಿತು, ಮತ್ತೆ ಆಸ್ಪತ್ರೆ.

ಮೊದಲ ವಾರ ಅವಳು ದಿನಾ ಬೆಳಿಗ್ಗೆ ತನ್ನ ಬೂಟು ತಾನೇ ಹಾಕಿಕೊಂಡು ಬಂದು, ನನ್ನ ಕೈ ಹಿಡಿದು ಬಾಗಿಲ ಚಿಲಕದ ಮೇಲೆ ಇಟ್ಟಳು. ನಾನು ಏಳದಿದ್ದಾಗ ಬಾಗಿಲಿಗೆ ಹಣೆ ಬಡಿದುಕೊಂಡಳು. ತಡೆಯಲು ನಾನು ನೆಲದ ಮೇಲೆ ತೆವಳಿಕೊಂಡು ಹೋಗಿ ಬಾಗಿಲಿಗೂ ಅವಳ ಹಣೆಗೂ ನಡುವೆ ಅಂಗೈ ಇಡುತ್ತಿದ್ದೆ. "ಪೋ" ಎಂದು ಕಿರುಚುತ್ತಿದ್ದಳು. ಅದನ್ನು ಕೇಳಲೆಂದು ವರ್ಷಗಟ್ಟಲೆ ದುವಾ ಮಾಡಿದವಳು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಎರಡನೇ ವಾರ ಕಿರುಚುವುದು ಕಡಿಮೆಯಾಯಿತು. ಮೂರನೇ ವಾರ ಬೂಟು ಹಾಕಿಕೊಳ್ಳಲಿಲ್ಲ. ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕುಳಿತು ಬೆರಳಿನಿಂದ ಗೋಡೆ ಕೆರೆಯತೊಡಗಿದಳು. ಮನೆ ಶಾಂತವಾಯಿತು. ಆ ಶಾಂತಿಯ ಹಾಗೆ ನನ್ನನ್ನು ಹೆದರಿಸಿದ್ದು ಬೇರೆ ಯಾವುದೂ ಇಲ್ಲ.

ಗಾಯ ಮಾಗುವ ಹೊತ್ತಿಗೆ ಇವರು ಭಟ್ಕಳದವರ ಅಂಗಡಿಗೆ ಹೋಗಿ ಆ ಕಂದು ಬೂಟನ್ನೇ ತಂದರು. ಆ ಹಿರಿಯರು ನನ್ನ ಕಾಲಿನ ಸುದ್ದಿ ಕೇಳಿ ಕತ್ತರಿ ಹುಡುಕಲು ಹೋದರಂತೆ. ಆಮೇಲೆ ಬೆರಳು ಇಲ್ಲದ ಜಾಗಕ್ಕೆ ಇಡಲು ಉಣ್ಣೆಯ ಒಂದು ಮೆತ್ತೆಯನ್ನು ಸ್ವತಃ ಕತ್ತರಿಸಿ ಕೊಟ್ಟರಂತೆ. ಫೆಬ್ರವರಿಯ ಕೊನೆ, ಇನ್ನೂ ಚಳಿ ಬಿಟ್ಟಿರಲಿಲ್ಲ. ನಾನು ಬೂಟು ಹಾಕಿಕೊಂಡೆ. ಮಗಳಿಗೆ ಹಾಕಿಸಿದೆ, ಅರ್ಧ ಎತ್ತಿ ಅರ್ಧ ಎಳೆದುಕೊಂಡು ಹೋದೆ. ಎಡಗಡೆಯ ಉಯ್ಯಾಲೆಯಲ್ಲಿ ಕೂರಿಸಿದೆ. ತೂಗಿದೆ, ನಿಲ್ಲಿಸಿದೆ, ಕಾದೆ. ಅವಳು ನನ್ನ ಭುಜದಾಚೆ ಎಲ್ಲೋ ನೋಡುತ್ತಿದ್ದಳು. ಇನ್ನೂ ಕಾದೆ. ಗಾಳಿ ಬೀಸುತ್ತಿತ್ತು, ನನ್ನ ಕಾಲು ಒಲೆಯ ಪಕ್ಕ ಇದ್ದಂತೆ ಬೆಚ್ಚಗಿತ್ತು, ಬೇಕಾದರೆ ಸಂಜೆಯವರೆಗೂ ನಿಲ್ಲಬಹುದಿತ್ತು. ಅವಳು ಇಳಿದು, ಹಿಂದೆ ನೋಡದೆ, ಮನೆಯ ಕಡೆ ನಡೆದಳು.

ಒಂದು ತಿಂಗಳು ದಿನವೂ ಹೋದೆವು. ಆಮೇಲೆ ಅವಳು ಗೇಟಿನ ಹತ್ತಿರವೇ ನೆಲಕ್ಕೆ ಕೂರಲು ಶುರುಮಾಡಿದಳು. ಟೀಚರ್ ಫೋನಿನಲ್ಲಿ, "ಕಾಯೋಣ" ಎಂದರು. ಹಿಂದಿನಂತೆ ಕಣ್ಣೊರೆಸಿಕೊಳ್ಳಲಿಲ್ಲ. ಇವರು ಒಂದು ರಜಾದಿನ ಆ ಸೇಫ್ಟಿ ಶೂಗಳನ್ನು ಕಸದ ಡಬ್ಬಕ್ಕೆ ಎಸೆದು ಬಂದು, ಊಟ ಮಾಡದೆ ಮಲಗಿದರು. ನಾನೂ ಕರೆಯಲಿಲ್ಲ.

ಮಗಳಿಗೆ ಈಗ ಹನ್ನೊಂದು. ಪೋ ಮತ್ತೆ ಬಂದಿಲ್ಲ.

ಮೊನ್ನೆ ಎದುರು ಬ್ಲಾಕಿಗೆ ಉಡುಪಿ ಕಡೆಯ ಒಂದು ಸಂಸಾರ ಬಂದಿದೆ. ಮನೆಯಾಕೆ ಚಿಕ್ಕ ಪ್ರಾಯದ ಹೆಂಗಸು, ಎರಡು ಮಕ್ಕಳು, ಇಬ್ಬರದೂ ಇಂಗ್ಲಿಷಿನಲ್ಲಿ ಪಟಪಟ ಮಾತು. ಯಾರೋ ಹೇಳಿದರೆಂದು ಬಂದು ನನ್ನ ಬಾಗಿಲು ತಟ್ಟಿದಳು.

"ಅಕ್ಕಾ, ಮಕ್ಕಳು ಆಡುವಾಗ ಹೊರಗೆ ನಿಂತು ನಿಂತು ಕಾಲು ಕಲ್ಲಾಗ್ತದೆ. ಬೂಟು ಯಾವುದು ತಕೊಳ್ಳುವುದು? ನನ್ನ ಗಂಡನ ಹತ್ರ ಕಂಪನಿಯದ್ದು ಒಂದು ಹೊಸ ಜೋಡಿ ಉಂಟು, ಆದೀತಾ?"

"ಬೇಡ" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳನ್ನು ಒಳಗೆ ಕೂರಿಸಿ ಬೂಟಿನ ಬಗ್ಗೆ ಎಲ್ಲ ಹೇಳಿದೆ. ಒಂದು ನಂಬರ್ ದೊಡ್ಡದು, ಒಳಗೆ ಉಣ್ಣೆ, ಕೆಳಗೆ ದಪ್ಪ ರಬ್ಬರು, ಕಬ್ಬಿಣ ಎಲ್ಲೂ ಇರಕೂಡದು, ಬೆರಳು ಆಡಬೇಕು, ಸಂಜೆ ಕಾಲು ನೋಡಿಕೋ. ಭಟ್ಕಳದವರ ಅಂಗಡಿಯ ದಾರಿ ಹೇಳಿದೆ. ಅವಳು ಫೋನಿನಲ್ಲಿ ಬರೆದುಕೊಂಡಳು. ಹೋಗುವಾಗ ಬಾಗಿಲ ಬಳಿಯಿದ್ದ ನನ್ನ ಕಂದು ಬೂಟನ್ನು ಎತ್ತಿ, ಒಳಗೆ ಕೈ ಹಾಕಿ ನೋಡಿದಳು.

"ಹೊಸತೇ ಉಂಟಲ್ಲ ಅಕ್ಕಾ. ನೀವು ಹೊರಗೆ ಬರುವುದಿಲ್ವಾ? ನಾಳೆ ಮಗಳನ್ನು ಕರ್ಕೊಂಡು ಬನ್ನಿ, ಒಟ್ಟಿಗೆ ನಿಲ್ಲುವ."

ಮಗಳು ಫ್ರಿಜ್ಜಿನ ಪಕ್ಕದ ಸಂದಿಯಲ್ಲಿದ್ದಳು. ಅವಳ ಬೆರಳು ಗೋಡೆ ಕೆರೆಯುವುದು ನಮ್ಮಿಬ್ಬರಿಗೂ ಕೇಳುತ್ತಿತ್ತು. ನಾನು ಎಡಗಾಲಿನದರಿಂದ ಉಣ್ಣೆಯ ಮೆತ್ತೆಯನ್ನು ತೆಗೆದು, ಆ ಹೆಂಗಸಿಗೆ ಬೂಟನ್ನು ಹಾಕಿ ನೋಡು ಎಂದೆ. ಅವಳ ಕಾಲಿಗೆ ಸರಿಯಾಗಿ, ಬೆರಳಿಗೆ ಜಾಗ ಬಿಟ್ಟು ಕೂತಿತು. ಇದನ್ನೇ ತೆಗೆದುಕೊಂಡು ಹೋಗು ಎಂದೆ. ಅವಳು ಬೇಡ ಬೇಡ ಎಂದಳು, ನಾನು ಬಿಡಲಿಲ್ಲ.